ಕೊತ್ತಿ ಕರೆಯಲು ಹೋಗಿ ದೇವರಾದದ್ದು

ನನ್ನ ಮೈಮೇಲೆ ಯಾವ ದೇವರೂ ಬಂದಿರಲಿಲ್ಲ. ನಾನು ಕೊತ್ತಿ ಕರೆಯುತ್ತಿದ್ದೆ. ಆದದ್ದು ಇಷ್ಟೇ.

ಇಷ್ಟನ್ನು ನಂಬಲು ಬೈರಾಪಟ್ಟಣದಲ್ಲಿ ಒಬ್ಬರೂ ತಯಾರಿಲ್ಲ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. "ಹಂಗೇ ಬುಟ್ಬುಡಿ ಅತ್ತೆ. ದೇವ್ರು ಬಂದಿತ್ತು ಅಂದ್ರೆ ಮರ್ವಾದೆ. ಕೊತ್ತಿ ಕರೀತಿದ್ದೆ ಅಂದ್ರೆ ನಗ್ತಾರೆ" ಎಂದಳು ನನ್ನ ಸೊಸೆ ಸವಿತಾ. ನಗುವವರು ನಗಲಿ. ಹಲ್ಲಿರುವವರು ನಗದೆ ಇನ್ನೇನು ಮಾಡುತ್ತಾರೆ?

ನಾವು ರೇಷ್ಮೆ ಹುಳು ಸಾಕುವವರು. ವಾಸದ ಮನೆಗೆ ಅಂಟಿಕೊಂಡ ಹಾಗೆ ಹೆಂಚಿನ ಹುಳು ಮನೆ ಇದೆ. ಹುಳು ಸಾಕಿದವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಹುಳು ಬೆಳೆಯುವಾಗ ಆಗಾಗ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು, ಅಲುಗಾಡದೆ ಕೂತು ಚರ್ಮ ಕಳಚುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಜ್ವರದಲ್ಲಿರುವ ಹುಳಕ್ಕೆ ಹೊಗೆ ಆಗದು. ಘಾಟು ಆಗದು. ಜೋರು ಗಾಳಿ ಆಗದು. ಹೊರಗಿನವರು ಒಳಗೆ ಕಾಲಿಡುವ ಹಾಗಿಲ್ಲ. ಒಳಗೆ ಹೋಗುವ ನಾವೂ ತಲೆಗೆ ನೀರು ಹಾಕಿಕೊಂಡು, ಕೈಕಾಲು ತೊಳೆದುಕೊಂಡೇ ಹೋಗಬೇಕು. ನನ್ನ ಬಾಣಂತನಗಳಲ್ಲಿ ಯಾರೂ ನನ್ನನ್ನು ಇಷ್ಟು ನಾಜೂಕಾಗಿ ನೋಡಿಕೊಂಡಿದ್ದಿಲ್ಲ!

ಈ ಸಲ ನಾಲ್ಕನೇ ಜ್ವರ, ಅಂದರೆ ಕೊನೇ ಜ್ವರ, ಹತ್ತಿರ ಬರುವ ಹೊತ್ತಿಗೆ ಸರಿಯಾಗಿ ಹುಳು ಮನೆಗೆ ಇಲಿ ನುಗ್ಗಿತು. ಬೆಳಿಗ್ಗೆ ಎದ್ದು ನೋಡಿದರೆ ಮೇಲಿನ ಬಿದಿರು ತಟ್ಟೆಯ ಅಂಚಿನಲ್ಲಿದ್ದ ಹುಳುಗಳನ್ನು ಸಾಲಾಗಿ ತಿಂದು, ಅರ್ಧರ್ಧ ಬಿಟ್ಟು ಹೋಗಿತ್ತು. ಹಸಿವಿಗೆ ತಿಂದರೆ ಕ್ಷಮಿಸಬಹುದು. ರುಚಿ ನೋಡಿ ಬಿಡುವ ಇಲಿಯನ್ನು ಕ್ಷಮಿಸುವ ದೊಡ್ಡ ಗುಣ ನನಗಿಲ್ಲ. ಹುಳು ಇರುವ ಕಡೆ ಪಾಷಾಣ ಇಡುವ ಹಾಗಿಲ್ಲ. ಬೋನು ಇಟ್ಟೆವು, ಇಲಿ ಅದರ ಸುತ್ತ ಪ್ರದಕ್ಷಿಣೆ ಹಾಕಿಕೊಂಡು ಹೋಯಿತು. ಹೀಗೇ ಬಿಟ್ಟರೆ ಮನೆಯವರೆಲ್ಲ ಸೊಪ್ಪು ಹೊತ್ತು ಸಾಕಿದ ಬೆಳೆ ಪೂರ್ತಿ ಇಲಿಯ ಹೊಟ್ಟೆಗೇ ಹೋಗುವುದು.

ಕೊತ್ತಿಯೇ ಬೇಕು ಎಂದು ತೀರ್ಮಾನ ಮಾಡಿದೆ. ನಮ್ಮಲ್ಲಿ ಒಂದು ಇತ್ತು. ಅದು ಮೀನು ಮಾರುವವನ ಮನೆಗೆ ವಲಸೆ ಹೋಗಿತ್ತು. ಅದನ್ನು ನಾನು ಬಯ್ಯುವುದಿಲ್ಲ. ಕಾಲು ಗಟ್ಟಿಯಿದ್ದಾಗ ನನಗೂ ಆ ಬುದ್ಧಿ ಬರಬೇಕಿತ್ತು.

ಚನ್ನಪಟ್ಟಣದಲ್ಲಿ ಬೊಂಬೆಗೆ ಬಣ್ಣ ಹಾಕುವ ಜೈಬುನ್ ಎಂಬ ಹೆಂಗಸಿದ್ದಾಳೆ. ನಮ್ಮ ಬದುವಿನ ಹಾಲೆಮರ ಅವರ ಬೊಂಬೆಗೆ ಹೋಗುತ್ತದೆ, ಹಾಗೆ ಪರಿಚಯ. ಅವಳ ಮನೆಯಲ್ಲಿ ಕೊತ್ತಿಗಳಿಗೆ ಬರವಿಲ್ಲ. ಒಂದು ಬೂದು ಬಣ್ಣದ ಗಂಡು ಕೊತ್ತಿಯನ್ನು ಗೋಣಿಚೀಲಕ್ಕೆ ತುಂಬಿ ಕೊಟ್ಟಳು.

"ಇಲಿ ಹಿಡಿಯೋದ್ರಲ್ಲಿ ಬಹಳ ಹುಷಾರ್ ಇದೆ ಅಮ್ಮಾ. ಸಿಟ್ಟು ಸ್ವಲ್ಪ ಜಾಸ್ತಿ. ನಿಮ್ಮತ್ರ ಬರ್ತದೋ ಇಲ್ವೋ" ಎಂದಳು.

"ಬರದೆ ಏನ್ ಮಾಡ್ತದೆ? ನಾನು ಕರುದ್ರೆ ಗೂಳಿ ಬತ್ತದೆ ಕಣವ್ವ, ಕೊತ್ತಿ ಬರಕಿಲ್ವಾ!" ಎಂದೆ.

ನೋಡಿ, ಈ ಮಾತೇ ನನ್ನನ್ನು ಹಾಳು ಮಾಡಿದ್ದು.

ನಮ್ಮ ಯಜಮಾನರ ಮೊಪೆಡ್ಡಿನ ಹಿಂದೆ ಚೀಲ ಹಿಡಿದುಕೊಂಡು ಕೂತೆ. ಹೊಸ ಮನೆಗೆ ತರುವ ಕೊತ್ತಿಗೆ ದಾರಿ ಗೊತ್ತಾಗಬಾರದು, ಗೊತ್ತಾದರೆ ವಾಪಸ್ಸು ಹೋಗುತ್ತದೆ. ಅದಕ್ಕೆ ನಮ್ಮೂರ ದಾರಿ ತಿರುಗುವ ಕಡೆ ಗಾಡಿ ನಿಲ್ಲಿಸಿ, ಚೀಲವನ್ನು ಗಿರಗಿರ ತಿರುಗಿಸಬೇಕು. ತಿರುಗಿಸಿದೆ. ಕೊತ್ತಿಗೆ ಏನಾಯಿತೋ ತಿಳಿಯದು. ನನಗೆ ತಲೆ ಸುತ್ತಿ ಬೇಲಿ ಹಿಡಿದುಕೊಂಡೆ.

"ದಾರಿ ಮರೀಬೇಕಾಗಿದ್ದು ಅದಾ, ನೀನಾ?" ಎಂದರು ಯಜಮಾನರು.

ಮನೆಗೆ ಬಂದಾಗ ಸಂಜೆಯಾಗಿತ್ತು. ಹುಳು ಪೂರ್ತಿ ಜ್ವರಕ್ಕೆ ಕೂತಿದ್ದವು. ನಾನು ತಲೆಗೆ ನೀರು ಹಾಕಿಕೊಂಡು, ಕೂದಲು ಹರವಿಕೊಂಡೇ ಒಳಗೆ ಹೋಗಿ, ತೇವ ಆರಲೆಂದು ತಟ್ಟೆಗಳಿಗೆ ಸುಣ್ಣದ ಪುಡಿ ಉದುರಿಸಿ ಮುಗಿಸಿದೆ. ಆಮೇಲೆ ಬಾಗಿಲ ಹತ್ತಿರ ಚೀಲ ಇಟ್ಟು ಅದರ ಬಾಯಿ ಬಿಚ್ಚಿದೆ. ಕೊತ್ತಿ ಪಟಾಕಿಯ ಹಾಗೆ ಹಾರಿತು! ನನ್ನ ಹೆಗಲ ಮೇಲೆ ಒಂದು ಕಾಲು, ಗೋಡೆಯ ಮೇಲೆ ಒಂದು ಕಾಲು, ನೆಟ್ಟಗೆ ಛಾವಣಿಯ ತೊಲೆ ಹತ್ತಿ ಕೂತಿತು. ಕೂತದ್ದಾದರೂ ಎಲ್ಲಿ? ಹುಳದ ತಟ್ಟೆಗಳ ನೆತ್ತಿಯ ಮೇಲೆ.

"ಅಲ್ಲಿಂದ ಧುಮುಕುದ್ರೆ ಮುಗೀತು ಕಣಮ್ಮಿ. ಇಲಿ ಒಂದೊಂದೇ ತಿಂತಿತ್ತು. ಇದು ತಟ್ಟೆ ತಟ್ಟೆನೇ ಅಪ್ಪಚ್ಚಿ ಮಾಡ್ತದೆ" ಎಂದರು ಯಜಮಾನರು ಹೊರಗಿನಿಂದಲೇ. ಬೀಡಿ ಸೇದುವುದರಿಂದ ಅವರಿಗೆ ಹುಳು ಮನೆಗೆ ಪ್ರವೇಶವಿಲ್ಲ.

ಏಣಿ ಇಡೋಣವೆಂದರೆ ತಟ್ಟೆಗಳಿಗೆ ತಗಲುತ್ತದೆ. ಹಾಲು ತೋರಿಸೋಣವೆಂದರೆ ಇರುವೆ ಮುತ್ತುತ್ತವೆ. ಮೀನು ತರೋಣವೆಂದರೆ ವಾಸನೆ. ಉಳಿದದ್ದು ಬಾಯಿ ಒಂದೇ. ಅದು ನನ್ನಲ್ಲಿ ಧಾರಾಳವಾಗಿದೆ. ಮೆಲ್ಲಗೆ ಪುಸಲಾಯಿಸಿ, ತೊಲೆಯ ಮೇಲೇ ನಡೆಸಿಕೊಂಡು ಬಂದು, ಬಾಗಿಲ ಕಡೆಯ ಗೋಡೆಯಿಂದ ಇಳಿಸಿಕೊಳ್ಳಬೇಕು. ಅದಕ್ಕಾಗಿ ಬಾಗಿಲ ಒಂದು ರೆಕ್ಕೆ ತೆರೆದಿಟ್ಟು, ಒಂದು ಕುಕ್ಕೆ ಬೋರಲು ಹಾಕಿ, ಹತ್ತಿ ನಿಂತೆ.

"ಮಿಯೋ ಮಿಯೋ ಮಿಯೋ, ಬಾ ಬಾ" ಎಂದೆ. ನಮ್ಮ ಕಡೆ ನಾಯಿಗೆ ಕುರೋ ಕುರೋ, ಕುರಿಗೆ ಟ್ರ್‌ರ್‌ರ್, ಕೊತ್ತಿಗೆ ಮಿಯೋ ಮಿಯೋ. ನಮ್ಮಪ್ಪ ಕರೆದದ್ದು ಹಾಗೆ, ಅವರಪ್ಪ ಕರೆದದ್ದೂ ಹಾಗೆ. ಕೊತ್ತಿ ಬಾಲ ಕೂಡ ಅಲ್ಲಾಡಿಸಲಿಲ್ಲ.

"ಅತ್ತೆ, ಅದು ಉರ್ದು ಮನೆ ಕೊತ್ತಿ. ಅದಕ್ಕೆ ಕನ್ನಡ ಬರಕಿಲ್ವೇನೋ" ಎಂದಳು ಹೊರಗೆ ನಿಂತಿದ್ದ ಸವಿತಾ. ಜೈಬುನ್‌ಗೆ ಫೋನ್ ಮಾಡಿ ಕೇಳಿಯೇ ಬಿಟ್ಟಳು. ಅತ್ತಲಿಂದ ಬಂದ ಉತ್ತರ ಹೀಗಿತ್ತು: "ನಾವು ಮಾನೋ ಮಾನೋ, ಆ ಆ ಅಂತೀವಿ. ಆದ್ರೆ ಅದು ಬರಲ್ಲ. ಅದಕ್ಕೆ ಬೇಕಾದಾಗ ಅದೇ ನಮ್ಮನ್ನ ಕರೀತದೆ."

"ಮಾನೋ ಮಾನೋ, ಆ ಆ!" ಎಂದೆ. ಕೊತ್ತಿ ಕಣ್ಣು ತೆರೆದು ಒಂದು ಸಲ ನೋಡಿತು. ಮತ್ತೆ ಮುಚ್ಚಿಕೊಂಡಿತು. ನನ್ನ ಉರ್ದು ಕೇಳಿ ಅದಕ್ಕೇ ನಾಚಿಕೆಯಾಗಿರಬೇಕು.

ನನಗೂ ಹಠ ಬಂತು. ಸಂತೆಯಲ್ಲಿ ಕಲಿತ ತಮಿಳಿನಲ್ಲಿ "ವಾ ವಾ" ಎಂದೆ. ತೆಲುಗಿನಲ್ಲಿ "ರಾ ರಾ" ಎಂದೆ. ಕನಕಪುರದ ಕಡೆಯ ನನ್ನ ತಂಗಿ ಕರೆಯುವ ಹಾಗೆ ತುಟಿ ಚೂಪು ಮಾಡಿ ಮುತ್ತು ಕೊಟ್ಟ ಸದ್ದು ಮಾಡಿದೆ. ಹೊರಗೆ ಯಜಮಾನರು ಕೆಮ್ಮಿದರು.

"ಯಾಕೆ ಕೆಮ್ತೀರಿ?"

"ಏನಿಲ್ಲ. ಮದುವೆಯಾದಾಗಿಂದ ಈ ಸದ್ದು ಕೇಳಿರ್ಲಿಲ್ಲ."

ಅಷ್ಟರಲ್ಲಿ ಸವಿತಾ ಫೋನಿನಲ್ಲಿ ಪ್ರಪಂಚವನ್ನೇ ತೆರೆದಿದ್ದಳು. "ಅತ್ತೆ, ಒಂದೊಂದು ದೇಶದೋರು ಒಂದೊಂದು ಥರ ಕರೀತಾರಂತೆ! ರಷ್ಯಾದೋರು ಕ್ಸ್ ಕ್ಸ್ ಕ್ಸ್. ಅರಬ್ಬರು ಬ್ಸ್ ಬ್ಸ್ ಬ್ಸ್. ಟರ್ಕಿಯೋರು ಪಿಸಿ ಪಿಸಿ. ಪೋಲೆಂಡ್ ಅಂತ ಐತೆ, ಅಲ್ಲಿ ಕಿಚಿ ಕಿಚಿ. ಇಂಗ್ಲಿಷ್ನೋರು ಕಿಟ್ಟಿ ಕಿಟ್ಟಿ."

"ಇಂಗ್ಲಿಷ್ ಬ್ಯಾಡ. ಎದುರುಮನೆ ಕಿಟ್ಟಪ್ಪ ಬಂದ್ಬುಟ್ರೆ ಟೀ ಕಾಯಿಸ್ಬೇಕು. ಮಿಕ್ಕಿದ್ದೆಲ್ಲಾ ಹೇಳು."

ಅವಳು ಹೇಳುತ್ತಾ ಹೋದಳು, ನಾನು ಕರೆಯುತ್ತಾ ಹೋದೆ. ಈಗ ದಯಮಾಡಿ ನನ್ನನ್ನು ಬೀದಿಯಿಂದ ನೋಡಿ. ಸಮಯ ದೀಪ ಹಚ್ಚುವ ಹೊತ್ತು. ವಾರ ಮಂಗಳವಾರ. ಬಾಗಿಲಲ್ಲಿ ಎತ್ತರಕ್ಕೆ ನಿಂತ ಒಬ್ಬ ಮುದುಕಿ. ಕೂದಲು ಬಿಚ್ಚಿದೆ. ಮುಖವೆಲ್ಲ ಸುಣ್ಣದ ಪುಡಿಯಿಂದ ಬೆಳ್ಳಗಿದೆ. ಕೊತ್ತಿಗೆ ಆಟದ ಆಸೆ ತೋರಿಸಲು ಹಿಡಿದ ಹಿಪ್ಪುನೇರಳೆ ಸೊಪ್ಪಿನ ಕಡ್ಡಿ ಕೈಯಲ್ಲಿ ಗಡಗಡ ಅಲ್ಲಾಡುತ್ತಿದೆ. ಕಣ್ಣು ಮೇಲಕ್ಕೆ ನೆಟ್ಟಿದೆ. ಬಾಯಲ್ಲಿ "ಕ್ಸ್ ಕ್ಸ್! ಬ್ಸ್ ಬ್ಸ್! ಕಿಚಿ ಕಿಚಿ!" ತೊಲೆಯ ಮೇಲಿನ ಕೊತ್ತಿ ಬೀದಿಗೆ ಕಾಣುವುದಿಲ್ಲ.

ಪಕ್ಕದ ಮನೆ ಪುಟ್ಟಲಿಂಗಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವಳು ಇದನ್ನು ನೋಡಿದಳು. ದೀಪ ಹಚ್ಚಿದ ಮೇಲೆ ಹೆಪ್ಪು ಕೇಳಬಾರದು, ಕೊಡಬಾರದು. ಮೊದಲೇ ಹೆದರಿಕೊಂಡು ಬಂದಿದ್ದಳು. ಕೈಯ ಲೋಟ ಟಣ್ಣೆಂದು ಕೆಳಗೆ ಬಿತ್ತು.

"ಅಯ್ಯಯ್ಯೋ! ಚಿಕ್ಕತಾಯಮ್ಮನ ಮೈಮ್ಯಾಲೆ ಅಮ್ಮ ಬಂದವ್ಳೆ! ಬರ್ರೋ! ಬರ್ರೋ!"

ಚಿಕ್ಕತಾಯಮ್ಮ ಎಂದರೆ ನಾನೇ.

ನಮ್ಮೂರಿನ ಜನರನ್ನು ಗ್ರಾಮಸಭೆಗೆ ಕರೆದರೆ ಒಬ್ಬರೂ ಬರುವುದಿಲ್ಲ. ಪುಟ್ಟಲಿಂಗಮ್ಮ ಕೂಗಿದ ಒಂದು ಕೂಗಿಗೆ ಬೀದಿ ತುಂಬಿತು! ಕರೆಯುವ ವಿದ್ಯೆ ಎಂದರೆ ಅದು. ನಾನು ಇಡೀ ಪ್ರಪಂಚದ ಬಾಯಲ್ಲಿ ಕರೆದರೂ ಒಂದು ಕೊತ್ತಿ ಬಂದಿರಲಿಲ್ಲ.

"ನಾನು ಕೊತ್ತಿ ಕರೀತಿದ್ದೆ ಕಣ್ರೋ!" ಎಂದೆ.

"ಎಲ್ಲೈತೆ ಕೊತ್ತಿ?"

"ಮೇಲೈತೆ!"

"ಮೇಲೈತಂತೆ" ಎಂದು ಪುಟ್ಟಲಿಂಗಮ್ಮ ಆಕಾಶ ನೋಡಿ ಕೈ ಮುಗಿದಳು.

"ಸೊಸೆ ಕೇಳ್ರೋ! ಸವಿತಾ, ಹೇಳೇ!"

ಸವಿತಾ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ಒರಗಿ ನಡುಗುತ್ತಿದ್ದಳು. ನಗುತ್ತಿದ್ದಳು, ಹಾಳಾದವಳು! ಜನಕ್ಕೆ ಅದು ಅಳುವಂತೆ ಕಂಡಿತು. "ಪಾಪ, ಸೊಸೆ ಹೆದರ್ಕಂಡವ್ಳೆ" ಎಂದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಈಗ ಬರೆಯುತ್ತಿರಲಿಲ್ಲ. ಜಾಗಟೆ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಮಾರಮ್ಮನ ಗುಡಿ ಪೂಜಾರಿ ಮರಿಯಪ್ಪ ತಟ್ಟೆಯಲ್ಲಿ ಕರ್ಪೂರ ಉರಿಸಿಕೊಂಡು ಬರುತ್ತಿದ್ದಾನೆ. ಅವನ ಹಿಂದೆ ಜಾಗಟೆ ಬಡಿಯುವ ಹುಡುಗ, ಆಮೇಲೆ ಯಾವ ಮಾಯದಲ್ಲೋ ಮನೆಗೆ ಹೋಗಿ ಬಂದ ಪುಟ್ಟಲಿಂಗಮ್ಮ. ಅವಳ ಕೈಯಲ್ಲಿ ಒಡೆದ ಹೆಂಚಿನ ತುಂಬ ಕೆಂಡ, ಕೆಂಡದ ಮೇಲೆ ಸಾಂಬ್ರಾಣಿ. ಹೊಗೆ ಭುಗಭುಗ ಎನ್ನುತ್ತಿದೆ. ಅದೆಲ್ಲ ಬರುತ್ತಿರುವುದು ನನ್ನ ಮುಖಕ್ಕೆ ಹಿಡಿಯಲು. ಅಂದರೆ ತೆರೆದ ಬಾಗಿಲಿಗೆ. ಅಂದರೆ ಜ್ವರದಲ್ಲಿ ತಲೆ ಎತ್ತಿ ಕೂತ ನನ್ನ ಹುಳಕ್ಕೆ!

"ಹೊಗೆ ತರಬ್ಯಾಡ್ರೋ! ಹುಳ ಸಾಯ್ತವೆ!" ಎಂದು ಚೀರಿದೆ.

"ಅಮ್ಮ ಉಗ್ರವಾಗವ್ಳೆ. ಇನ್ನೊಸಿ ಸಾಂಬ್ರಾಣಿ ಹಾಕವ್ವ" ಎಂದ ಮರಿಯಪ್ಪ.

ಬಾಗಿಲು ಹಾಕಿಕೊಳ್ಳೋಣವೆಂದರೆ ನಾನು ನಿಂತಿರುವುದೇ ಹೊಸ್ತಿಲಿಗೆ ಅಡ್ಡವಾಗಿಟ್ಟ ಕುಕ್ಕೆಯ ಮೇಲೆ. ಇಳಿಯಲು ಕಾಲಿಗೆ ನೆಲ ಸಿಗದು. ಕೆಂಡದ ಹೆಂಚು ನಾಲ್ಕು ಮಾರು ದೂರದಲ್ಲಿದೆ. ಮೇಲೆ ತೊಲೆಯಲ್ಲಿ ಕೊತ್ತಿ ಜಾಗಟೆಗೆ ಬೆದರಿ, ಬೆನ್ನು ಕಮಾನು ಮಾಡಿ, ಧುಮುಕಲು ಜಾಗ ನೋಡುತ್ತಿದೆ. ಇನ್ನೊಂದು ಗಳಿಗೆ ಕಳೆದರೆ ಮೇಲಿನಿಂದ ಕೊತ್ತಿ, ಮುಂದಿನಿಂದ ಹೊಗೆ. ನಡುವೆ ನನ್ನ ಬೆಳೆ ಪಂಚಭೂತದಲ್ಲಿ ಲೀನ!

ನಿಜವನ್ನು ಹೇಳಿ ಆಗಿತ್ತು. ಕೆಂಗಲ್ ಗುಡಿಯ ಹನುಮಂತರಾಯ ನನ್ನನ್ನು ಕ್ಷಮಿಸಲಿ, ನಾನು ಕಡ್ಡಿಯನ್ನು ಮೇಲಕ್ಕೆತ್ತಿ, ಕಣ್ಣು ಮೇಲುಗುಡ್ಡೆ ಮಾಡಿ, ಗಂಟಲಿನ ತಳದಿಂದ ಕೂಗಿದೆ.

"ನಿಲ್ರೋ ಮಕ್ಕಳಾ!"

ನಿಂತರು. ಇಡೀ ಬೀದಿ ನಿಂತಿತು! ನಿಜ ಹೇಳಿದಾಗ ಒಬ್ಬರೂ ಕೇಳಲಿಲ್ಲ. ಸುಳ್ಳು ಹೇಳಿದ ಕೂಡಲೇ ಊರು ಮಂಡಿಯೂರಿತು.

"ಹೊಗೆ ಆರಿಸ್ರೋ! ನನಗೆ ಹೊಗೆ ಆಗಕಿಲ್ಲ! ಜಾಗಟೆ ಕೆಳಗಿಡ್ರೋ! ನನ್ನ ಮಕ್ಕಳು ಒಳಗೆ ಜ್ವರದಲ್ಲಿ ಮಲಗವೆ!"

ಪುಟ್ಟಲಿಂಗಮ್ಮ ಕೆಂಡವನ್ನು ಅಲ್ಲೇ ಮೋರಿಗೆ ಸುರಿದಳು. ಮರಿಯಪ್ಪ ಉರಿಯುವ ಕರ್ಪೂರವನ್ನು ಬರಿಗೈಯಲ್ಲಿ ಮುಚ್ಚಿ "ಹಾ" ಎಂದ, ಭಕ್ತಿಯಿಂದಲೋ ಉರಿಯಿಂದಲೋ ಗೊತ್ತಿಲ್ಲ. ಆಮೇಲೆ ಕೈ ಊದಿಕೊಳ್ಳುತ್ತಾ ಪೂಜಾರಿಯ ಗತ್ತಿನಲ್ಲಿ ಕೇಳಿದ. "ಬಂದಿರೋ ತಾಯಿ ಯಾರು ಅಂತ ಅಪ್ಪಣೆ ಆಗ್ಬೇಕು."

ಇದಕ್ಕೆ ನಾನು ತಯಾರಿರಲಿಲ್ಲ. ಮಾರಮ್ಮ ಎಂದುಬಿಟ್ಟರೆ, ನಿಜವಾದ ಮಾರಮ್ಮ ಮುಂದೊಂದು ದಿನ ಬಂದು "ಯಾಕೆ ನನ್ನ ಹೆಸರು ಹೇಳ್ದೆ" ಎಂದು ಕೇಳಿದರೆ ಏನು ಗತಿ? ಯಾವ ಗುಡಿಗೂ ಸೇರದ, ಯಾರಿಗೂ ತಕರಾರಿಲ್ಲದ ಒಂದು ಹೆಸರು ಬೇಕಿತ್ತು.

"ನಾನು ಹುಳದಮ್ಮ ಕಣ್ರೋ!" ಎಂದೆ.

ಜನ "ಹುಳದಮ್ಮಾ!" ಎಂದು ಅಡ್ಡಬಿದ್ದರು. ಸುತ್ತ ಯಾವ ಊರಿನಲ್ಲೂ ಇಲ್ಲದ ದೇವರು ನಮ್ಮೂರಿಗೆ ಬಂತಲ್ಲ ಎಂಬ ಹೆಮ್ಮೆ ಮುಖಗಳ ಮೇಲೆ ಕಾಣಿಸುತ್ತಿತ್ತು. ಒಬ್ಬಳು ಎಮ್ಮೆ ಯಾವಾಗ ಗಬ್ಬವಾಗುತ್ತದೆ ಎಂದು ಕೇಳಿದಳು. "ಡಾಕ್ಟ್ರನ್ನ ಕೇಳು!" ಎಂದೆ. "ಎಂಥಾ ಮಾತು ಅಂದ್ಲು ತಾಯಿ" ಎಂದು ಅವಳು ಕಣ್ಣು ಒರೆಸಿಕೊಂಡಳು.

ಆಗ ಗುಂಪನ್ನು ಸರಿಸಿಕೊಂಡು ಮುಂದೆ ಬಂದವರು ನಮ್ಮ ಯಜಮಾನರು! ಒಳಗೆ ಕೊತ್ತಿ ಇದೆ ಎಂದು ಎಲ್ಲರಿಗಿಂತ ಚೆನ್ನಾಗಿ ತಿಳಿದವರು. ಚೀಲ ತಂದ ಮೊಪೆಡ್ಡೇ ಅವರದು. ಟವೆಲ್ಲನ್ನು ಸೊಂಟಕ್ಕೆ ಕಟ್ಟಿ, ಮೊಣಕಾಲೂರಿ, ಕೈ ಜೋಡಿಸಿದರು.

"ತಾಯಿ ಹುಳದಮ್ಮ, ನಂದೊಂದು ಅರಿಕೆ. ನಮ್ಮನೆಯೋಳಿಗೆ ಬಾಯಿ ಒಸಿ ಜಾಸ್ತಿ. ಕಮ್ಮಿ ಮಾಡ್ಕೊಡವ್ವಾ."

ಜನ ನನ್ನ ಮುಖ ನೋಡುತ್ತಿದ್ದಾರೆ. ಹೆಂಡತಿಯಾಗಿ ಏನು ಹೇಳಬೇಕೆಂದು ನನಗೆ ಗೊತ್ತು, ದೇವರಾಗಿ ಹೇಳುವ ಹಾಗಿಲ್ಲ.

"ಅವಳ ಬಾಯಿಂದ್ಲೇ ನಿನ್ನ ಮನೆ ನಿಂತೈತೆ ಕಣ್ಲಾ!" ಎಂದೆ.

"ಹಂಗಾರೆ ಬೀಡಿಗಾದ್ರೂ ಅಪ್ಪಣೆ ಕೊಡು ತಾಯಿ. ಊಟ ಆದ್ಮ್ಯಾಲೆ ಒಂದೇ ಒಂದು."

"ಬೀಡಿ ಹಚ್ಚಿದ್ರೆ ಮೀಸೆ ಸುಟ್ಟೋಯ್ತದೆ! ಏಳು ಮ್ಯಾಕೆ!"

ಊರಿನ ಮುಂದೆ ಗಂಡನನ್ನು "ಕಣ್ಲಾ" ಎಂದು ಕರೆದು, ಅವರಿಂದಲೇ ಅಡ್ಡಬೀಳಿಸಿಕೊಂಡೆ. ಆ ಗಳಿಗೆಯ ಸುಖವನ್ನು ಮಾತ್ರ ಸುಳ್ಳು ಎನ್ನಲಾರೆ.

ಕೊನೆಗೆ ಎಲ್ಲರೂ ಚಪ್ಪಲಿ ಕೈಯಲ್ಲಿ ಹಿಡಿದು, ಬೆನ್ನು ತೋರಿಸದೆ, ಉಸಿರು ಬಿಗಿಹಿಡಿದು ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಟ್ಟು ಹೊರಟುಹೋಗಬೇಕೆಂದು ಅಪ್ಪಣೆ ಮಾಡಿದೆ. ಹಾಗೇ ಹೋದರು. ಒಬ್ಬನು ಮೋರಿಗೆ ಬಿದ್ದ. ಬಿದ್ದವನೂ ಸದ್ದು ಮಾಡಲಿಲ್ಲ.

ಸವಿತಾ ಬಂದು ನನ್ನನ್ನು ಕುಕ್ಕೆಯಿಂದ ಇಳಿಸಿಕೊಂಡಳು. ಒಳಗೆ ಇಣುಕಿದೆ. ತಟ್ಟೆಗಳು ಹಾಗೇ ಇದ್ದವು, ಹುಳು ಹಾಗೇ ಕೂತಿದ್ದವು, ಕೊತ್ತಿಯೂ ಹಾಗೇ ತೊಲೆಯ ಮೇಲೆ ಕೂತಿತ್ತು.

"ಸಾಯಿ ಅಲ್ಲೇ" ಎಂದೆ. ಬಾಗಿಲನ್ನು ಒಂದು ಗೇಣು ಬಿಟ್ಟು ಮುಂದಕ್ಕೆಳೆದು, ಜಗಲಿಯ ಮೇಲೆ ಅದಕ್ಕೆ ಬೆನ್ನು ಮಾಡಿ ಕೂತೆ. ಸವಿತಾ ತಣ್ಣಗಾದ ಮುದ್ದೆ, ಮಧ್ಯಾಹ್ನದ ಕರಿಮೀನು ಸಾರು ತಂದಿಟ್ಟಳು. ಯಾರನ್ನೂ ಕರೆಯದೆ ನನ್ನ ಪಾಡಿಗೆ ನುಂಗುತ್ತಿದ್ದೆ. ಎರಡನೇ ತುತ್ತಿಗೆ ಮೊಣಕೈಗೆ ಏನೋ ಮೆತ್ತಗೆ ತಗುಲಿತು. ನೋಡಿದರೆ ಬೂದು ಮುಖವೊಂದು ನನ್ನ ತಟ್ಟೆಯೊಳಗಿದೆ! ಗೋಡೆಯಿಂದ ಇಳಿದು, ಬಾಗಿಲ ಸಂದಿಯಿಂದ ನುಸುಳಿ, ಕರೆದ ಮನೆಗೆ ಬಂದ ಬೀಗರ ಹಾಗೆ ಊಟಕ್ಕೆ ಕೂತಿತ್ತು.

"ಅತ್ತೆ, ಯಾವ ಭಾಷೆಲಿ ಕರುದ್ರಿ?" ಎಂದಳು ಸವಿತಾ.

ನಾನು ತಟ್ಟೆಗೆ ಕೈ ಹಾಕಿದೆ. ಮೀನು ಪೂರ್ತಿ ಹೋಗುವ ಮುಂಚೆ ನನ್ನ ಪಾಲು ಎತ್ತಿಕೊಳ್ಳಬೇಕಿತ್ತು.

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಹುಳು ಮನೆಯ ಮುಂದೆ ಒಂದು ಕಲ್ಲು ನೆಟ್ಟಿದ್ದಾರೆ. ಅದಕ್ಕೆ ಅರಿಸಿನ, ಕುಂಕುಮ, ದಾಸವಾಳ. ಪಕ್ಕದಲ್ಲಿ ಒಂದು ತೆಂಗಿನಕಾಯಿ. ಕಲ್ಲಿನ ಬುಡದಲ್ಲಿ ಕತ್ತು ಮುರಿದ ಇಲಿ. ಇಷ್ಟು ದಪ್ಪ! ಕೊತ್ತಿ ಜಗಲಿಯ ಮೇಲೆ ಮೈ ನೆಕ್ಕಿಕೊಳ್ಳುತ್ತಾ ಕೂತಿತ್ತು. ಪುಟ್ಟಲಿಂಗಮ್ಮ ಕೈ ಮುಗಿದು ನಿಂತಿದ್ದಳು.

"ಬಲಿ ತಗಂಡವ್ಳೆ ಕಣವ್ವ ತಾಯಿ!"

"ಬಲಿ ಅಲ್ಲ ಕಣೇ. ಕೊತ್ತಿ ಹಿಡಿದಿರೋದು."

"ಕೊತ್ತಿ ಹಿಡುದ್ರೂ, ಹಿಡಿಸ್ದೋಳು ಅವಳೇ ತಾನೆ?"

"ಪುಟ್ಟ, ನನ್ನ ಮೈಮ್ಯಾಲೆ ಯಾರೂ ಬಂದಿರ್ಲಿಲ್ಲ!"

"ಬಂದೋರಿಗೆ ಅದು ನೆನಪಿರಕಿಲ್ಲ ಬುಡವ್ವ" ಎಂದು ಸಮಾಧಾನ ಹೇಳಿ ಹೋದಳು.

ಒಳಗೆ ಹೋದೆ. ಹುಳು ಜ್ವರದಿಂದ ಎದ್ದಿದ್ದವು. ಹಳೇ ಚರ್ಮ ಬಿಟ್ಟು, ಬಿಳಿ ಮೈ ಮಾಡಿಕೊಂಡು, ತಲೆ ಆಡಿಸುತ್ತಾ ಸೊಪ್ಪು ಹುಡುಕುತ್ತಿದ್ದವು. ಇದು ಸುಣ್ಣದ ಪುಡಿಯ ಕೆಲಸ, ಹೊಗೆ ಹೋಗದಂತೆ ಕಾದದ್ದರ ಕೆಲಸ. ಯಾವ ಅಮ್ಮನೂ ಬಂದು ಎಬ್ಬಿಸಿದ್ದಲ್ಲ. ಇದು ನನಗಲ್ಲದೆ ಇನ್ನಾರಿಗೆ ಗೊತ್ತಿರಬೇಕು? ಆ ಅಮ್ಮನನ್ನು ಕುಕ್ಕೆಯ ಮೇಲೆ ನಿಂತು ಹುಟ್ಟಿಸಿದವಳೇ ನಾನು!

ಸೊಪ್ಪು ಹಾಕಿ ಹೊರಗೆ ಬಂದೆ. ಇಲಿಯನ್ನು ಬಾಲ ಹಿಡಿದು ತಿಪ್ಪೆಗೆ ಎಸೆದೆ. ತೆಂಗಿನಕಾಯಿ ಅಲ್ಲಾಡಿಸಿ ನೋಡಿದೆ, ನೀರಿತ್ತು. ಚಟ್ನಿಗೆ ಅರೆಯಲು ಸವಿತಾಳ ಕೈಗೆ ಕೊಟ್ಟೆ. ಕಲ್ಲನ್ನೂ ಕಿತ್ತು ಬಿಸಾಡೋಣವೆಂದು ಬಗ್ಗಿದೆ.

ಬೀದಿಯ ಆ ಕಡೆ ನೋಡಿದೆ, ಈ ಕಡೆ ನೋಡಿದೆ. ಯಾರೂ ಇರಲಿಲ್ಲ. ಒಂದು ಹಿಡಿ ಸೊಪ್ಪು ತಂದು ಕಲ್ಲಿನ ಮುಂದೆ ಇಟ್ಟು, ಸೆರಗು ಸರಿಮಾಡಿಕೊಂಡು, ಕೈ ಮುಗಿದೆ.

ಹುಳು ಇನ್ನೂ ಗೂಡು ಕಟ್ಟಬೇಕಲ್ಲ!